ತೋಳಿಗೆ ಹೋದ ಕಾಗದ

"ಮೊದಲನೇ ಆಪರೇಷನ್ನಿನ ಕಾರ್ಡ್ ಎಲ್ಲಿ?" ಎಂದು ಡಾಕ್ಟರ್ ನಾಹಿದಾ ಕೇಳಿದಾಗ ವರ್ಷಿಣಿ ತಾಯಿಯ ಮುಖ ನೋಡಿದಳು. ತಾಯಿ ಶಾಂತಕುಮಾರಿ ಗೋಡೆಯ ಮೇಲಿದ್ದ ಮಗುವಿನ ಪಟ ನೋಡತೊಡಗಿದಳು. ಆ ಕಾರ್ಡಿನ ಗತಿ ಏನಾಯಿತೆಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅದನ್ನು ಅವಳು ಕತ್ತರಿಸಿದ್ದಳು.

ಕೈತಪ್ಪಿ ಆದದ್ದು ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಅಳತೆ ಇಟ್ಟು, ಪೆನ್ಸಿಲಿನಲ್ಲಿ ಗೆರೆ ಹಾಕಿ, ದೊಡ್ಡ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದಳು. ಹೊನ್ನವಳ್ಳಿಯಲ್ಲಿ ಶಾಂತಕುಮಾರಿ ಹೊಲಿದ ಬ್ಲೌಸು ಎಂದರೆ ಅದಕ್ಕೊಂದು ಹೆಸರಿತ್ತು. ಕಾಯಂ ಗಿರಾಕಿಗಳಿಗೆಲ್ಲ ಅವಳು ಒಂದೊಂದು ಕಾಗದದ ಅಚ್ಚು ಮಾಡಿಟ್ಟುಕೊಂಡಿದ್ದಳು. ಬೆನ್ನಿಗೊಂದು, ಎದೆಗೊಂದು, ತೋಳಿಗೊಂದು, ಎಲ್ಲದರ ಮೇಲೂ ಗಿರಾಕಿಯ ಹೆಸರು. ಮಾಮೂಲಿ ಪೇಪರು ನಾಲ್ಕು ಸಲಕ್ಕೆ ಹರಿದುಹೋಗುತ್ತದೆ. ಹಾಗಾಗಿ ದಪ್ಪ ಕಾಗದ ಎಲ್ಲಿ ಕಂಡರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಲಗ್ನಪತ್ರಿಕೆ, ಹಳೇ ಕ್ಯಾಲೆಂಡರು, ಸೀರೆ ಡಬ್ಬಿಯ ರಟ್ಟು ಎಲ್ಲವೂ ಅವಳ ಕತ್ತರಿಗೆ ಬಲಿಯಾಗಿದ್ದವು. ಗಂಡ ಸದಾಶಿವಯ್ಯ ತೆಂಗಿನ ತೋಟದ ಪಹಣಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದು ಕಳ್ಳರ ಭಯದಿಂದಲ್ಲ.

ನಾಲ್ಕು ವರ್ಷದ ಹಿಂದೆ ವರ್ಷಿಣಿ ಮೊದಲ ಬಾಣಂತನ ಮುಗಿಸಿ, ಮೂರು ತಿಂಗಳ ಲಿಖಿತಾಳನ್ನು ಎತ್ತಿಕೊಂಡು ಶೆಟ್ಟಿಕೆರೆಯ ಗಂಡನ ಮನೆಗೆ ಹೋದಾಗ ಆ ನರ್ಸಿಂಗ್ ಹೋಮಿನ ಕಾರ್ಡು ತವರಿನಲ್ಲೇ ಉಳಿಯಿತು. ಒಳ್ಳೆ ಗಟ್ಟಿ ರಟ್ಟು. ಮೊದಲೇ ಎರಡು ಮಡಿಕೆ ಬೇರೆ ಆಗಿತ್ತು. ತೋಳಿನ ಅಚ್ಚನ್ನು ಮಡಿಕೆಯ ಮೇಲೇ ಕತ್ತರಿಸಬೇಕು, ಬಿಚ್ಚಿದರೆ ಎರಡೂ ಕಡೆ ಸಮನಾಗಿ ಬರುತ್ತದೆ. ಹೆರಿಗೆ ಆಯಿತು, ಗಾಯ ಮಾಯಿತು, ಇನ್ನೇಕೆ ಈ ಕಾರ್ಡು ಎಂದು ಅವಳು ಕತ್ತರಿ ಆಡಿಸಿದ್ದಳು. ಯಾರ ತೋಳಿಗೆ ಎಂಬುದು ಮಾತ್ರ ಈಗ ನೆನಪಿರಲಿಲ್ಲ.

"ಅದ್ರಾಗೆ ಅಂಥಾದ್ದೇನೈತೆ ಮೇಡಂ?" ಎಂದು ಮೆಲ್ಲಗೆ ಕೇಳಿದಳು.

ಡಾಕ್ಟರ್ ನಾಹಿದಾ ತಿಪಟೂರಿನಲ್ಲೇ ಹುಟ್ಟಿ ಬೆಳೆದವರು. ಮಾತು ಬಿರುಸು, ಆದರೆ ಯಾರಿಗೂ ಅರ್ಧಂಬರ್ಧ ಹೇಳಿ ಕಳಿಸುವವರಲ್ಲ. "ನಿಮ್ಮ ಮಗಳು ಈ ಸಲ ಮಾಮೂಲಿ ಹೆರಿಗೇನೇ ಆಗ್ಬೇಕು ಅಂತಿದ್ದಾಳೆ. ನಾನು ಆಗಲ್ಲ ಅನ್ನಲ್ಲ. ನಾಲ್ಕು ವರ್ಷ ಅಂತರ ಇದೆ, ಬಿ.ಪಿ. ಇಲ್ಲ, ಶುಗರ್ ಇಲ್ಲ. ಆದರೆ ಹೋದ ಸಲ ಮಗು ಅಡ್ಡ ಮಲಗಿತ್ತು ಅಂತೀರಿ. ಅಂಥ ಹೊತ್ತಲ್ಲಿ ಕೆಲವು ಸಲ ಗರ್ಭಕೋಶವನ್ನ ಉದ್ದಕ್ಕೆ ಕೊಯ್ಯಬೇಕಾಗುತ್ತೆ. ಹಾಗೆ ಕೊಯ್ದಿದ್ರೆ ನೋವು ತಿನ್ನೋಕೆ ಬಿಡಬಾರದು, ಹೊಲಿಗೆ ಬಿಟ್ಕೊಳ್ಳೋ ಭಯ ಜಾಸ್ತಿ. ಕೆಳಗಡೆ ಅಡ್ಡಕ್ಕೆ ಕೊಯ್ದಿದ್ರೆ ನಾನು ಧೈರ್ಯ ಮಾಡ್ತೀನಿ."

"ಹೊಟ್ಟೆ ಮ್ಯಾಲೆ ಅಡ್ಡ ಗಾಯಾನೇ ಐತಲ್ಲ ಮೇಡಂ," ಎಂದಳು ವರ್ಷಿಣಿ.

"ಅದು ಚರ್ಮದ್ದು ಕಣಮ್ಮ. ಒಳಗೆ ಹೇಗೆ ಕೊಯ್ದಿದ್ದಾರೋ ಮೇಲಿಂದ ಗೊತ್ತಾಗಲ್ಲ."

ಶಾಂತಕುಮಾರಿಗೆ ಇದು ಥಟ್ಟನೆ ಅರ್ಥವಾಯಿತು. ಮೇಲಿನ ಬಟ್ಟೆಯ ಹೊಲಿಗೆ ನೋಡಿ ಒಳಗಿನ ಲೈನಿಂಗಿನ ಹೊಲಿಗೆ ಹೇಗಿದೆ ಎಂದು ಯಾವ ಟೈಲರೂ ಹೇಳಲಾರ.

"ಅಡ್ಡಕ್ಕೆ ಕೊಯ್ದಿದ್ರೂ ಭಯ ಅನ್ನೋದು ಪೂರ್ತಿ ಹೋಗಲ್ಲ," ಎಂದು ಡಾಕ್ಟರು ಮುಂದುವರಿಸಿದರು. "ಹೆಚ್ಚೂ ಕಮ್ಮಿ ಇನ್ನೂರು ಜನರಲ್ಲಿ ಒಬ್ಬರಿಗೆ ಹೊಲಿಗೆ ಬಿಡಬಹುದು. ಅದಕ್ಕೇ ಥಿಯೇಟರು, ರಕ್ತ, ಎಲ್ಲ ರೆಡಿ ಇಟ್ಕೊಂಡೇ ಮಾಡೋದು. ನೀವು ಆ ಕಾರ್ಡ್ ಹುಡುಕಿ."

ಉಳಿದ ನೂರ ತೊಂಬತ್ತೊಂಬತ್ತು ಜನ ಶಾಂತಕುಮಾರಿಯ ಕಿವಿಗೆ ಬೀಳಲೇ ಇಲ್ಲ. ಆ ಒಬ್ಬಳು ಮಾತ್ರ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತು ಹೊನ್ನವಳ್ಳಿಯವರೆಗೂ ಬಂದಳು.

ಮನೆಗೆ ಬಂದು ಅವಳು ತಪ್ಪೊಪ್ಪಿಕೊಂಡಾಗ ವರ್ಷಿಣಿ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟಾದಳು. ಆಮೇಲೆ ನಕ್ಕಳು, ನಗುತ್ತಾ ಅತ್ತಳು. "ನನ್ನ ಹೊಟ್ಟೆ ಕುಯ್ದಿದ್ ಕಾಗ್ದಾನೂ ಕುಯ್ದಾಕಿದ್ಯಲ್ಲಮ್ಮ!" ಎಂದಳು. ಹೆರಿಗೆಗೆಂದು ತವರಿಗೆ ಬಂದಿದ್ದ ಏಳು ತಿಂಗಳ ಬಸುರಿ, ನಡುಮನೆಯಲ್ಲಿ ಕಾಲು ಚಾಚಿ ಕೂತು ಗೋಡೆಯ ಮೊಳೆಗಳಿಂದ ಅಚ್ಚಿನ ಗೊಂಚಲುಗಳನ್ನು ತಾಯಿಯಿಂದ ಇಳಿಸಿಕೊಂಡಳು. ಊರಿನ ಅರ್ಧ ಹೆಂಗಸರ ಬೆನ್ನು, ಎದೆ, ತೋಳುಗಳು ನೆಲದ ತುಂಬ ಹರಡಿದವು. ಒಂದೊಂದನ್ನೂ ತಿರುಗಿಸಿ ನೋಡಿದರು. ಲಗ್ನಪತ್ರಿಕೆಯ ಗಣೇಶ ಸಿಕ್ಕಿದ, ರಸಗೊಬ್ಬರದ ಜಾಹೀರಾತು ಸಿಕ್ಕಿತು, ಯಾರದೋ ವೈಕುಂಠ ಸಮಾರಾಧನೆಯ ಕಾರ್ಡು ಕೂಡ ಸಿಕ್ಕಿತು. ನರ್ಸಿಂಗ್ ಹೋಮಿನ ಕಾರ್ಡು ಸಿಗಲಿಲ್ಲ.

ವರ್ಷಿಣಿಯ ಗಂಡ ದಯಾನಂದ್ ಶೆಟ್ಟಿಕೆರೆಯಿಂದ ಬೈಕಿನಲ್ಲಿ ಆ ನರ್ಸಿಂಗ್ ಹೋಮನ್ನೇ ಹುಡುಕಿಕೊಂಡು ಹೋದ. ಅಲ್ಲಿದ್ದ ವಯಸ್ಸಾದ ಡಾಕ್ಟರು ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳು ಕಟ್ಟಡವನ್ನು ಬಾಡಿಗೆಗೆ ಕೊಟ್ಟಿದ್ದರು. "ಅಲ್ಲೀಗ ಟೈಲ್ಸು, ಕಮೋಡು ಮಾರ್ತಾವ್ರೆ ಅತ್ತೆ," ಎಂದು ಬಂದು ಹೇಳಿದ. "ಹಳೇ ಕಾಗ್ದ ಎಲ್ಲ ಗುಜರಿಗೆ ಹಾಕುದ್ರಂತೆ."

ಮುಂದಿನ ಸಲ ಹೋದಾಗ ಡಾಕ್ಟರ್ ನಾಹಿದಾ ಬೇಸರದಿಂದಲೇ ತಲೆಯಾಡಿಸಿದರು. ಗೊತ್ತಿಲ್ಲದ ಹೊಲಿಗೆಯ ಮೇಲೆ ನಂಬಿಕೆ ಇಡಲು ತಾನು ಸಿದ್ಧಳಿಲ್ಲ ಎಂದು, ಆಪರೇಷನ್ನಿಗೆ ತಾರೀಕು ಬರೆದುಕೊಟ್ಟರು. ವರ್ಷಿಣಿ ಆ ಚೀಟಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. ಶಾಂತಕುಮಾರಿಗೆ ಮಗಳ ಮುಖ ನೋಡಿ ಸಂಕಟವಾಯಿತು, ಅದರ ಜೊತೆಗೇ ಎದೆಯ ಮೇಲಿನ ಭಾರ ಇಳಿದಂತೆಯೂ ಆಯಿತು. ಇಳಿದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಅವಳ ಭಯಕ್ಕೆ ಕಾರಣವಿತ್ತು. ಮೊದಲ ಹೆರಿಗೆಯ ನೋವು ಬಂದಾಗ, ಆಸ್ಪತ್ರೆಗೆ ಹೊರಡುತ್ತೇನೆ ಎಂದ ಮಗಳನ್ನು ತಡೆದವಳು ಅವಳೇ. "ತಡ್ಕಾ ಕಣೇ. ಈಗ್ಲೇ ಹೋದ್ರೆ ಕುಯ್ದೇ ಕಳುಸ್ತಾರೆ. ನಾನು ನಿನ್ನ ಹೆರಕ್ಕೆ ಎರಡು ದಿನ ನೋವು ತಿಂದಿದ್ದೆ," ಎಂದು ಒಂದು ಹಗಲು, ಒಂದು ರಾತ್ರಿ ಮನೆಯಲ್ಲೇ ಇಟ್ಟುಕೊಂಡಿದ್ದಳು. ತಾನು ಎಲ್ಲ ಬಲ್ಲೆ ಎಂಬ ಜಂಭ, ಮತ್ತೇನೂ ಅಲ್ಲ. ಕೊನೆಗೆ ಕರೆದುಕೊಂಡು ಹೋದರೆ ಮಗು ಅಡ್ಡ ಮಲಗಿದೆ, ಕೈ ಹೊರಗೆ ಬಂದಿದೆ ಎಂದರು. "ಇನ್ನೊಂದು ಗಂಟೆ ತಡ ಮಾಡಿದ್ರೆ ಎರಡೂ ಜೀವ ಹೋಗ್ತಿತ್ತಲ್ರೀ," ಎಂದು ಆ ಮುದುಕ ಡಾಕ್ಟರು ಎಲ್ಲರ ಮುಂದೆ ಗದರಿದ್ದರು. ವರ್ಷಿಣಿ ಇವತ್ತಿನವರೆಗೂ ಆ ಮಾತನ್ನು ಎತ್ತಿ ಆಡಿರಲಿಲ್ಲ. ಆಡಿದ್ದರೆ ಶಾಂತಕುಮಾರಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಇದಾಗಿ ಹತ್ತು ದಿನಕ್ಕೆ ಕಾಯಂ ಗಿರಾಕಿಯಾದ ಮಾಯಣ್ಣನ ಹೆಂಡತಿ ಒಂದು ಕೈಚೀಲ ಹಿಡಿದುಕೊಂಡು ಬಂದಳು. ನಾದಿನಿಯ ಮದುವೆಗೆ ರೇಷ್ಮೆ ಬ್ಲೌಸು ಹೊಲಿಸಬೇಕಿತ್ತು. "ಅಳತೆ ಬ್ಲೌಸು ಹೋದ ವರ್ಷ ನಿಮ್ತಾವಿಂದ ಇಸ್ಕಂಡೋಗಿದ್ನಲ್ಲಕ್ಕ, ಹಂಗೇ ತಂದಿವ್ನಿ. ಈಗ ಒಂದಿಂಚು ಲೂಸ್ ಇಡಿ," ಎಂದು ಇಟ್ಟು ಹೋದಳು. ಶಾಂತಕುಮಾರಿ ಆ ಹಳೆಯ ಬ್ಲೌಸಿನ ಮಡಿಕೆ ಬಿಚ್ಚಿದಳು. ಒಳಗಿಂದ ರಟ್ಟಿನ ತೋಳೊಂದು ಜಾರಿ ಬಿತ್ತು. ಮೇಲೆ ಅವಳದೇ ಅಕ್ಷರ: ಮಾಯಣ್ಣನ ಹೆಂಡತಿ, ತೋಳು ಹತ್ತು.

ತೆರೆದು ನೋಡಿದಳು. ಒಳಗೆಲ್ಲ ನೀಲಿ ಶಾಯಿಯ ಇಂಗ್ಲಿಷು. ಎರಡೂ ಮೂಲೆಗಳು ಕಂಕುಳಿನ ತಿರುವಿಗೆ ಹಾರಿಹೋಗಿದ್ದವು. ಆದರೆ ನಡುವೆ, ಮಗಳ ಹೆಸರಿನ ಅರ್ಧದ ಕೆಳಗೆ, ಡಾಕ್ಟರು ಪೆನ್ನಿನಲ್ಲಿ ಒಂದು ಸಣ್ಣ ಚಿತ್ರ ಬರೆದಿದ್ದರು. ಶಾಂತಕುಮಾರಿಗೆ ಇಂಗ್ಲಿಷ್ ಬಾರದು, ಡ್ರಾಯಿಂಗ್ ಬರುತ್ತದೆ. ಮೂವತ್ತು ವರ್ಷ ಅವಳು ಓದಿದ್ದೇ ಗೆರೆಗಳನ್ನು. ತಲೆಕೆಳಗು ಮಾಡಿದ ಸೀಬೆಕಾಯಿಯಂಥ ಒಂದು ಆಕಾರ, ಅದರ ಕೆಳಭಾಗದಲ್ಲಿ ಈ ಪಕ್ಕದಿಂದ ಆ ಪಕ್ಕಕ್ಕೆ ಒಂದು ಅಡ್ಡ ಗೆರೆ, ಗೆರೆಯ ಮೇಲೆ ಹೊಲಿಗೆ ಹಾಕಿದ್ದಕ್ಕೆ ಸಣ್ಣ ಸಣ್ಣ ಗೀಟು. ಉದ್ದ ಗೆರೆ ಎಲ್ಲೂ ಇರಲಿಲ್ಲ.

ಕೆಳಗಡೆ ಅಡ್ಡಕ್ಕೆ ಕೊಯ್ದಿದ್ರೆ ನಾನು ಧೈರ್ಯ ಮಾಡ್ತೀನಿ ಎಂದಿದ್ದರು ಡಾಕ್ಟರು.

ಹಿತ್ತಲಲ್ಲಿ ವರ್ಷಿಣಿ ಲಿಖಿತಾಳಿಗೆ ತಲೆ ಬಾಚುತ್ತಾ ಏನೋ ಹಾಡು ಹೇಳಿಕೊಡುತ್ತಿದ್ದಳು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಶಾಂತಕುಮಾರಿ ಬಾಯಿ ತೆರೆದಳು ಕೂಡ. ಆದರೆ ಕಣ್ಣ ಮುಂದೆ ಬಂದದ್ದು ಆ ಇನ್ನೂರರಲ್ಲಿ ಒಬ್ಬಳು, ಅವಳಿಗೆ ವರ್ಷಿಣಿಯದೇ ಮುಖ. ಒಮ್ಮೆ ಬಿಚ್ಚಿ ಹೊಲಿದ ಕಡೆ ಜಗ್ಗಬಾರದೆಂದು ಹೊಲಿಗೆ ಕಲಿಯಲು ಬಂದ ಹುಡುಗಿಯರಿಗೆಲ್ಲ ಹೇಳಿಕೊಟ್ಟವಳು ಅವಳು. ಅವಳು ರಟ್ಟನ್ನು ಮಡಿಸಿ, ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ದಾರದುಂಡೆಗಳ ಕೆಳಗೆ ಇಟ್ಟು ನೂಕಿದಳು. ಆಮೇಲೆ ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದಳು.

ಅಲ್ಲಿಂದ ಮುಂದೆ ಅವಳು ಮಗಳಿಗೆ ಮಾಡಿದ ಉಪಚಾರವನ್ನು ನೋಡಿ ಸದಾಶಿವಯ್ಯನೇ ಬೆರಗಾದ. ದಿನಾ ಎಳನೀರು, ಸೊಪ್ಪಿನ ಸಾರು, ಕಾಲಿಗೆ ಎಣ್ಣೆ. "ಏನೇ ಶಾಂತಾ, ನಾನು ಬಸ್ರಿ ಆದ್ರೆ ನಂಗೂ ಹಿಂಗೇ ನೋಡ್ಕತೀಯಾ?" ಎಂದು ರೇಗಿಸಿದ. ಅವಳು ನಗಲಿಲ್ಲ. ತಪ್ಪು ಮಾಡಿದವರ ಕೈ ಯಾವಾಗಲೂ ಸ್ವಲ್ಪ ಜಾಸ್ತಿಯೇ ಬಡಿಸುತ್ತದೆ, ಅದನ್ನು ಗಂಡಸರು ಪ್ರೀತಿ ಎಂದುಕೊಳ್ಳುತ್ತಾರೆ.

ಒಂಬತ್ತನೇ ತಿಂಗಳಲ್ಲಿ ಒಂದು ಸಂಜೆ ತಾಯಿ ಮಗಳು ತೋಟದಲ್ಲಿ ಅಡ್ಡಾಡುತ್ತಿದ್ದರು. ಆಪರೇಷನ್ ಎಂದು ಗೊತ್ತಾಗಿದ್ದರೂ ವರ್ಷಿಣಿ ನಡೆಯುವುದನ್ನು ಬಿಟ್ಟಿರಲಿಲ್ಲ. ತೆಂಗಿನ ಪಾತಿಗಳ ನಡುವೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಸುತ್ತು ಹಾಕುತ್ತಿದ್ದಳು.

"ನಿಂಗೆ ಆಪರೇಷನ್ನು ಅಂದ್ರೆ ಅಷ್ಟೊಂದ್ ಯಾಕೆ ಸಂಕ್ಟ?" ಎಂದು ಶಾಂತಕುಮಾರಿ ಕೇಳಿದಳು. "ಮಗಾ ನೆಟ್ಟಗೆ ಬಂದ್ರೆ ಸಾಕಲ್ವಾ?"

ವರ್ಷಿಣಿ ಒಂದು ಮರಕ್ಕೆ ಒರಗಿ ನಿಂತಳು. "ಆವತ್ತು ನನ್ನ ಎರಡು ಕೈನೂ ಆಕಡೆ ಈಕಡೆ ಚಾಚಿ ಪಟ್ಟಿ ಹಾಕಿ ಕಟ್ಟಿದ್ರು ಕಣಮ್ಮ. ಮುಂದೆ ಬಟ್ಟೆ ಅಡ್ಡ. ಮಗಾ ಅತ್ತಿದ್ದು ಕೇಳುಸ್ತು. ಅದು ಯಾರ್ದೋ ಮಗಾ ಅಂತ ಅನ್ನುಸ್ತು ನಂಗೆ. ಆಮೇಲೆ ಗಾಯ ಕೀವಾಗಿ ಹನ್ನೆರಡು ದಿನ ನಾನು ಲಿಖಿತಾನ ಎತ್ಕಳ್ಳೇ ಇಲ್ಲ. ಎಲ್ಲಾನೂ ನೀನೇ ಮಾಡ್ದೆ. ನಾನು ಮಲೀಕಂಡು ನೋಡ್ತಿದ್ದೆ. ಆ ಮಗೀಗೆ ನಾನು ತಾಯಿ ಅಂತ ಅನ್ನುಸ್ಕಳಕ್ಕೆ ನಂಗೆ ಒಂದು ವರ್ಷ ಹಿಡೀತು. ಇದ್ನ ಯಾರಿಗೂ ಹೇಳಿರ್ಲಿಲ್ಲ."

ಆ ಹನ್ನೆರಡು ದಿನ ತಾನು ಮಗುವನ್ನು ಎತ್ತಿ ಆಡಿಸಿ, ಎಷ್ಟು ಸುಖಪಟ್ಟಿದ್ದೆ ಎಂಬುದು ಶಾಂತಕುಮಾರಿಗೆ ನೆನಪಾಯಿತು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದುಕೊಂಡಳು.

"ಮಂಜು ಬೀಳ್ತೈತೆ, ಒಳೀಕೆ ನಡಿ," ಎಂದಳು.

ಆಪರೇಷನ್ ಸೋಮವಾರಕ್ಕಿತ್ತು. ನೋವು ಶುಕ್ರವಾರ ಬೆಳಗ್ಗೆಯೇ ಬಂತು. ವರ್ಷಿಣಿ ರೊಟ್ಟಿ ತಟ್ಟುತ್ತಿದ್ದವಳು ಒಲೆಯ ಕಟ್ಟೆ ಹಿಡಿದು ಬಗ್ಗಿದಳು. ಈ ಸಲ ಶಾಂತಕುಮಾರಿ ಒಂದು ನಿಮಿಷವೂ ತಡಮಾಡಲಿಲ್ಲ. ಪಕ್ಕದ ಮನೆಯ ಬಸವರಾಜುವಿನ ಕಾರನ್ನು ಕರೆಸಿ, ದಯಾನಂದ್‌ಗೆ ನೇರವಾಗಿ ತಿಪಟೂರಿಗೆ ಬರುವಂತೆ ಫೋನು ಮಾಡಿಸಿ, ಲಿಖಿತಾಳನ್ನು ತಾತನಿಗೆ ಒಪ್ಪಿಸಿದಳು. ಕಾರು ಹೊರಡುವ ಹೊತ್ತಿಗೆ, "ಫ್ಯಾನು ಆರ್ಸಿಲ್ಲ, ಬಂದೆ," ಎಂದು ಒಳಗೆ ಓಡಿದಳು. ಫ್ಯಾನು ಆರಿಯೇ ಇತ್ತು. ಡ್ರಾಯರು ಎಳೆದು ಆ ರಟ್ಟಿನ ತೋಳನ್ನು ಕೈಚೀಲದೊಳಗೆ ತುರುಕಿಕೊಂಡಳು.

ಡಾಕ್ಟರ್ ನಾಹಿದಾ ಪರೀಕ್ಷೆ ಮಾಡಿ ಕೈ ತೊಳೆದುಕೊಳ್ಳುತ್ತಾ ತಲೆ ಕೊಡವಿದರು. "ಆಗಲೇ ಅರ್ಧಕ್ಕಿಂತ ಜಾಸ್ತಿ ದಾರಿ ಬಿಟ್ಟಿದೆ. ತಲೆ ಚೆನ್ನಾಗಿ ಇಳಿದಿದೆ. ಮಗುವಿನ ಎದೆಬಡಿತಾನೂ ಚೆನ್ನಾಗಿದೆ. ಆ ಕಾರ್ಡ್ ಒಂದಿದ್ದಿದ್ರೆ..." ಎಂದು ನಿಲ್ಲಿಸಿ, "ಇರಲಿ, ಥಿಯೇಟರಿಗೆ ರೆಡಿ ಮಾಡಿ," ಎಂದು ನರ್ಸಿಗೆ ಹೇಳಿದರು.

"ಒಂದ್ ಗಂಟೆ ನೋಡಿ ಮೇಡಂ," ಎಂದು ವರ್ಷಿಣಿ ಅಂಗಲಾಚಿದಳು. "ಒಂದೇ ಗಂಟೆ."

"ಒಳಗೆ ಹೇಗಿದೆ ಅಂತ ಗೊತ್ತಿಲ್ಲದೆ ನಿನ್ನ ಜೀವ ಪಣಕ್ಕಿಡೋಕೆ ನನಗಾಗಲ್ಲಮ್ಮ."

ವರ್ಷಿಣಿ ಮತ್ತೆ ಕೇಳಲಿಲ್ಲ. ಇನ್ನೊಂದು ನೋವು ಬಂದು ಹೋಗುವವರೆಗೆ ಹಲ್ಲು ಕಚ್ಚಿಕೊಂಡಿದ್ದಳು. ನರ್ಸು ಹಸಿರು ಗೌನು ತಂದಾಗ ಅಂಗಾತ ಮಲಗಿ, ಯಾರೂ ಹೇಳದಿದ್ದರೂ ತಾನಾಗಿಯೇ ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿದಳು. ಕಟ್ಟಿಕೊಳ್ಳಿ ಎನ್ನುವ ಹಾಗೆ.

ಶಾಂತಕುಮಾರಿಗೆ ಅದನ್ನು ನೋಡಲಾಗಲಿಲ್ಲ.

"ನಿಲ್ರೀ," ಎಂದಳು. ಧ್ವನಿ ಜೋರಾಗಿಯೇ ಬಂತು. ಕೈಚೀಲದಿಂದ ರಟ್ಟು ತೆಗೆದು ಡಾಕ್ಟರ ಮುಂದೆ ಹಿಡಿದಳು. "ಐತೆ ಮೇಡಂ. ಅಡ್ಡಕ್ಕೇ ಕುಯ್ದವ್ರೆ. ಕೆಳಗಡೇನೇ."

ಹೊರಮೈಯ ಮೇಲಿದ್ದ ಹೆಸರು ಓದಿ ನರ್ಸಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರು ನಗಲಿಲ್ಲ. ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಕತ್ತರಿಸಿಹೋದ ಸಾಲುಗಳ ಉಳಿದ ಅರ್ಧವನ್ನು ಒಂದೊಂದಾಗಿ ಓದಿದರು. ಚಿತ್ರದ ಮೇಲೆ ಬೆರಳಿಟ್ಟರು. "ಕೆಳಭಾಗ, ಅಡ್ಡ ಕೊಯ್ತ, ಎರಡು ಪದರ ಹೊಲಿಗೆ. ಸ್ಪಷ್ಟವಾಗಿದೆ," ಎಂದು ತಲೆ ಎತ್ತಿದರು. "ಇದು ಯಾವಾಗ ಸಿಕ್ತು?"

ಸುಳ್ಳು ಹೇಳಬಹುದಿತ್ತು. ಇವತ್ತು ಬೆಳಗ್ಗೆ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು.

"ಎರಡ್ ತಿಂಗ್ಳಾಯ್ತು," ಎಂದಳು ಶಾಂತಕುಮಾರಿ.

ಡಾಕ್ಟರು ಬೈಯುವ ಮಾತು ಬಾಯಿಗೆ ಬಂದಿದ್ದರೂ ನುಂಗಿಕೊಂಡು, ವರ್ಷಿಣಿಯ ಕಡೆ ತಿರುಗಿದರು. "ನೋಡಮ್ಮ, ಈಗ ಬಿಡಬಹುದು. ನೋವು ಹೆಚ್ಚಾಗೋಕೆ ಇಂಜೆಕ್ಷನ್ ಕೊಡಲ್ಲ, ಮಗುವಿನ ಎದೆಬಡಿತದ ಮಿಷನ್ ತೆಗೆಯಲ್ಲ. ಥಿಯೇಟರು ರೆಡಿ ಇರುತ್ತೆ, ಅರಿವಳಿಕೆ ಡಾಕ್ಟರು ಇಲ್ಲೇ ಕೂತಿರ್ತಾರೆ. ಸ್ವಲ್ಪ ಹೆಚ್ಚುಕಮ್ಮಿ ಅನ್ನಿಸಿದ್ರೂ ಆಪರೇಷನ್ನೇ. ನಿನಗೆ ಒಪ್ಪಿಗೆನಾ?"

"ಒಪ್ಪಿಗೆ," ಎಂದಳು ವರ್ಷಿಣಿ. ಆಮೇಲೆ ತಾಯಿಯ ಕಡೆ ನೋಡದೆ, "ಅಮ್ಮ ಹೊರ್ಗಡೆ ಇರ್ಲಿ. ಅವರು ಬರ್ಲಿ ನನ್ ಜೊತೆಗೆ," ಎಂದು ಅಷ್ಟರಲ್ಲಿ ಬಂದು ಹೊರಗೆ ಕಾಯುತ್ತಿದ್ದ ಗಂಡನಿಗಾಗಿ ಕೇಳಿದಳು.

ಶಾಂತಕುಮಾರಿ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಅಳು ಬರಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕು ಎನ್ನಿಸಿತು ಅವಳಿಗೆ. ಎದುರಿನ ಬೆಂಚಿನಲ್ಲಿ ದಂಡಿನಶಿವರದ ಕಡೆಯವಳೊಬ್ಬಳು ಸೊಸೆಯನ್ನು ಒಳಗೆ ಕಳಿಸಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. "ಮೊದಲ್ನೇದಾ?" ಎಂದು ಕೇಳಿದಳು. "ಎರಡ್ನೇದು, ಮೊದಲ್ನೇದು ಆಪರೇಷನ್ನು," ಎಂದಾಗ, "ಅಯ್ಯೋ, ಮತ್ತೆ ನೋವಿಗೆ ಬಿಟ್ಟವ್ರಾ? ಹೊಲಿಗೆ ಕಿತ್ತೋದ್ರೆ?" ಎಂದು ಕಣ್ಣರಳಿಸಿದಳು. ಬೇರೆ ದಿನವಾಗಿದ್ದರೆ ಶಾಂತಕುಮಾರಿಯೇ ಈ ಮಾತನ್ನು ಇನ್ನೊಬ್ಬರಿಗೆ ಹೇಳುತ್ತಿದ್ದಳು. ಇವತ್ತು, "ಡಾಕ್ಟ್ರು ನೋಡ್ಕತಾವ್ರೆ, ನೀವು ಸುಮ್ಕಿರಿ," ಎಂದು ಮುಖ ತಿರುಗಿಸಿದಳು.

ಒಳಗಿಂದ ಮಗಳ ಕೂಗು ಕೇಳುತ್ತಿತ್ತು. ಒಂದೊಂದು ಕೂಗಿಗೂ ಶಾಂತಕುಮಾರಿಯ ಕೈ ತನ್ನ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ದಯಾನಂದ್ ಹೊರಗೆ ಬಂದ. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು.

"ಮಗೀನ ಬಡಿತ ಒಂಚೂರು ಇಳೀತು. ಪಕ್ಕಕ್ಕೆ ಮಗ್ಗುಲು ಮಾಡುಸ್ದೇಟ್ಗೆ ಮತ್ತೆ ಸರಿಹೋಯ್ತು. ಇನ್ನಿಪ್ಪತ್ ನಿಮಿಷ ನೋಡ್ತಾರಂತೆ," ಎಂದ. ನೀರು ಕುಡಿದು ಬಾಟಲಿ ಮುಚ್ಚುತ್ತಾ ಕೇಳಿದ: "ಯಾಕತ್ತೆ ಹಂಗ್ ಮಾಡುದ್ರಿ?" ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಹೋದ್ಸಲ ತಡ್ಕಾ ಅಂತ ಹೇಳ್ಹೇಳೇ ಅವಳ್ನ ಸಾಯುಸ್ತಿದ್ದೆ ಕಣಪ್ಪ. ಈ ಸಲ ಏನಾರ ಆಗಿದ್ರೆ ನಾನು ಬದುಕ್ತಿರ್ಲಿಲ್ಲ."

"ಅವಳ್ನೇ ಒಂದ್ ಮಾತು ಕೇಳ್ಬಹುದಿತ್ತಲ್ಲ," ಎಂದು ಅವನು ಒಳಗೆ ಹೋದ.

ಹೌದು, ಕೇಳಬಹುದಿತ್ತು. ಎರಡು ತಿಂಗಳಲ್ಲಿ ಒಂದು ಸಲವೂ ಹಾಗೆ ಕೇಳಬೇಕೆಂದು ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಶಾಂತಕುಮಾರಿ ಯೋಚಿಸಿದಳು. ಆಗ ತಡ್ಕಾ ಎಂದವಳೂ ತಾನೇ, ಈಗ ಬೇಡ ಎಂದವಳೂ ತಾನೇ. ಎರಡು ಸಲವೂ ಹೆರುವವಳು ಮಾತ್ರ ವರ್ಷಿಣಿ.

ಇಪ್ಪತ್ತು ನಿಮಿಷ ಕಳೆಯಿತು. ಮತ್ತೆ ಹತ್ತು ಕಳೆಯಿತು. ಒಳಗೆ ಡಾಕ್ಟರ ಧ್ವನಿ ಏರಿತು, ನರ್ಸಿನ ಧ್ವನಿ ಏರಿತು, ವರ್ಷಿಣಿಯ ಧ್ವನಿ ಮಾತ್ರ ಕೇಳಲಿಲ್ಲ. ಶಾಂತಕುಮಾರಿ ಎದ್ದು ಬಾಗಿಲ ಬಳಿ ನಿಂತಳು. ಕಡಲೆಕಾಯಿಯವಳೂ ಸುಲಿಯುವುದನ್ನು ನಿಲ್ಲಿಸಿದಳು. ಆಮೇಲೆ ಗಂಟಲು ಹರಿಯುವಂಥ ಒಂದು ಉದ್ದನೆಯ ಕೂಗು, ಅದರ ಬೆನ್ನಿಗೇ ಬೇರೊಂದು ಸಣ್ಣ ಗಂಟಲು.

ಶಾಂತಕುಮಾರಿ ಬಾಗಿಲಿಗೆ ಕಿವಿ ಹಚ್ಚಿದಳು. ಮಗು ಅಳುತ್ತಿತ್ತು, ಆದರೆ ಅವಳಿಗೆ ಬೇಕಾಗಿದ್ದದ್ದು ಇನ್ನೊಂದು ಧ್ವನಿ. "ನನ್ ಮೇಲಾಕಿ, ನನ್ ಮೇಲಾಕಿ ಅದ್ನ," ಎಂದು ವರ್ಷಿಣಿ ಹೇಳುವುದು ಬಾಗಿಲಾಚೆಗೂ ಕೇಳಿಸಿತು. ಆಗ ಅವಳಿಗೆ ಅಳು ಬಂತು. ಕಡಲೆಕಾಯಿಯವಳು ಸಿಪ್ಪೆ ಕೊಡವಿಕೊಂಡು ಬಂದು ಬೆನ್ನು ನೀವಿದಳು.

ಹೆಣ್ಣು ಮಗು, ಮೂರು ಕೇಜಿ. ಹೊಲಿಗೆ ಗಟ್ಟಿಯಾಗಿ ನಿಂತಿದೆ, ರಕ್ತ ಮಾಮೂಲಿಗಿಂತ ಹೆಚ್ಚು ಹೋಗಿಲ್ಲ ಎಂದು ಡಾಕ್ಟರು ಹೇಳಿದರು. ಹೋಗುವಾಗ ಶಾಂತಕುಮಾರಿಯ ಮುಂದೆ ನಿಂತು, "ಆಪರೇಷನ್ ಅಂದ್ರೇನು ಹೂವಿನ ಹಾಸಿಗೇನಾ? ಎರಡನೇ ಸಲ ಕೊಯ್ಯೋದ್ರಲ್ಲೂ ಅಪಾಯ ಇದೆ. ಭಯ ಇದ್ರೆ ನನ್ನ ಹತ್ರ ಬಂದು ಜಗಳ ಆಡ್ಬೇಕು ಕಣ್ರೀ, ಕಾಗದ ಬಚ್ಚಿಡಬಾರದು," ಎಂದರು. ಅವಳು ತಲೆ ತಗ್ಗಿಸಿದಳು.

ಸಂಜೆ ನಾಲ್ಕು ಗಂಟೆಗೆ ವಾರ್ಡಿನಲ್ಲಿ ವರ್ಷಿಣಿ ಮಂಚದಿಂದ ಕಾಲು ಇಳಿಬಿಟ್ಟಳು. ಶಾಂತಕುಮಾರಿ ದಡಬಡ ಎದ್ದು ಕೈ ಚಾಚಿದಳು. ವರ್ಷಿಣಿ ಆ ಕೈ ಹಿಡಿಯಲಿಲ್ಲ. ಗೋಡೆ ಹಿಡಿದುಕೊಂಡು, ನಿಧಾನವಾಗಿ, ಬ್ಯಾಂಡೇಜಿಲ್ಲ, ಪೈಪಿಲ್ಲ, ತನ್ನ ಕಾಲ ಮೇಲೆ ತಾನೇ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಳು. ಬಂದವಳು ತೊಟ್ಟಿಲಿಗೆ ಬಗ್ಗಿ ಮಗುವನ್ನು ತಾನೇ ಎತ್ತಿಕೊಂಡಳು. ಎತ್ತಿಕೊಂಡಾಗ ಅವಳ ಮುಖದಲ್ಲಿ ಕಂಡ ಸಂತೋಷವನ್ನು ನೋಡಿ ಶಾಂತಕುಮಾರಿಗೆ ತಾನು ಏನನ್ನು ಡ್ರಾಯರಿನಲ್ಲಿ ಇಟ್ಟಿದ್ದೆ ಎಂಬುದು ಪೂರ್ತಿ ತಿಳಿಯಿತು.

"ನಾನು ಹೊನ್ನವಳ್ಳಿಗೆ ಬರಲ್ಲ," ಎಂದಳು ವರ್ಷಿಣಿ, ಮಗುವನ್ನೇ ನೋಡುತ್ತಾ. "ಬಾಣಂತನ ಅಲ್ಲಿ ಬ್ಯಾಡ. ಇಲ್ಲಿಂದ ಸೀದಾ ಶೆಟ್ಟಿಕೆರೆಗೆ ಹೋಗ್ತೀನಿ."

ಹೊನ್ನವಳ್ಳಿಯ ಮನೆಯಲ್ಲಿ ಶಾಂತಕುಮಾರಿ ಎಲ್ಲ ಅಣಿಮಾಡಿದ್ದಳು. ಕೋಣೆಗೆ ಸುಣ್ಣ ಬಳಿಸಿದ್ದಳು, ನೀರು ಕಾಯಿಸಲು ತೆಂಗಿನ ಗರಿ, ಮಟ್ಟೆ ಒಟ್ಟಿದ್ದಳು, ಕೊಬ್ಬರಿ ಬೆಲ್ಲ ಮೆಂತ್ಯ ತಂದಿಟ್ಟಿದ್ದಳು. ಆದರೂ ಯಾಕೆ ಎಂದು ಕೇಳುವ ಮುಖ ಅವಳಿಗಿರಲಿಲ್ಲ. "ಅಲ್ಲಿ ಅತ್ತೆ ಇಲ್ಲ, ನಾದ್ನಿ ಇಲ್ಲ. ನಿನ್ನ ಯಾರ್ ನೋಡ್ಕತಾರವ್ವ?" ಎಂದಷ್ಟೇ ಕೇಳಿದಳು.

"ನೀನು," ಎಂದಳು ವರ್ಷಿಣಿ. "ನೀನೇ ಬಾ ಅಲ್ಲಿಗೆ. ಮಿಷನ್ನೂ ತಕ್ಕಂಡು ಬಾ."

ಮಗಳನ್ನು ತವರಿಗೆ ಕರೆತಂದು ಬಾಣಂತನ ಮಾಡುವುದು ಬಿಟ್ಟು, ತಾಯಿಯೇ ಹೋಗಿ ಅಳಿಯನ ಮನೆಯ ಅನ್ನ ತಿಂದುಕೊಂಡು ಮೂರು ತಿಂಗಳು ಕೂರುವುದು ಅವರ ಕಡೆ ಯಾರೂ ಮಾಡಿದ್ದಿಲ್ಲ. ಹೊನ್ನವಳ್ಳಿಯ ನಲ್ಲಿಯ ಹತ್ತಿರ ಯಾರು ಯಾರು ಏನೇನು ಆಡಿಕೊಳ್ಳುತ್ತಾರೆ ಎಂಬುದು ಶಾಂತಕುಮಾರಿಗೆ ಆಗಲೇ ಕೇಳಿಸಿತು.

"ಅದು ನನ್ನ ಮನೆ," ಎಂದು ವರ್ಷಿಣಿ ಮೊದಲ ಸಲ ತಾಯಿಯ ಕಣ್ಣಿಗೆ ಕಣ್ಣು ಕೊಟ್ಟಳು. "ಅಲ್ಲಿ ಮಗೀನ ನಾನು ಎತ್ಕತೀನಿ. ನಾನು ಕೇಳಿದ್ರೆ ನೀನು ಎತ್ಕೋ. ನಿಂಗೆ ಭಯ ಆದ್ರೆ ಭಯ ಆಯ್ತೈತೆ ಅಂತ ನಂಗೆ ಹೇಳು. ನೀನೊಬ್ಳೇ ತೀರ್ಮಾನ ಮಾಡಿ ಮುಚ್ಚಿಡ್ಬ್ಯಾಡ. ಆಗಂಗಿದ್ರೆ ಬಾ."

ಗಿರಾಕಿಗಳ ಜೊತೆ, ಗಂಡನ ಜೊತೆ, ವಾರಗಿತ್ತಿಯರ ಜೊತೆ ಮಾತಿಗೆ ಮಾತು ಕೊಟ್ಟೇ ಬದುಕಿದ ಹೆಂಗಸು ಶಾಂತಕುಮಾರಿ. ಒಂದು ಗಳಿಗೆ ಸೆರಗಿನ ಅಂಚನ್ನು ಬೆರಳಿನಲ್ಲಿ ತಿಕ್ಕುತ್ತಾ ನಿಂತಳು.

"ಭಯ ಆಗಿತ್ತು ಕಣವ್ವ," ಎಂದಳು. "ಬಾಳ ಭಯ ಆಗಿತ್ತು ನಂಗೆ. ಬತ್ತೀನಿ."

ವರ್ಷಿಣಿ ಮಂಚದ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದಳು. ತಾಯಿ ಕೂತ ಮೇಲೆ, ಮಗುವನ್ನು ಅವಳ ತೊಡೆಯ ಮೇಲೆ ಹಾಕಿದಳು.